ಹಗೇವಿನ ಅಗುಳಿ

ಕೆಲಸಕ್ಕೆ ಸೇರಿದ ದಿನ ನನಗೆ ಕೊಟ್ಟ ಉದ್ದನೆಯ ಲಂಗದಲ್ಲಿ ಜೇಬು ಇರಲಿಲ್ಲ. ಫೋನು ಎಲ್ಲಿಡಲಿ ಎಂದು ಕೇಳಿದ್ದಕ್ಕೆ ಉಸ್ತುವಾರಿ ನೋಡಿಕೊಳ್ಳುವ ಹೆಂಗಸು ನಕ್ಕು, "ನಿಮ್ಮ ಕಾಲದಲ್ಲಿ ಫೋನೇ ಇರಲಿಲ್ಲವಲ್ಲ!" ಎಂದರು. ನನ್ನ ಕಾಲ ಎಂದರೆ ಸ್ಕಾಟ್ಲೆಂಡಿನಿಂದಲೂ ಐರ್ಲೆಂಡಿನಿಂದಲೂ ಜನ ಹಡಗು ಹತ್ತಿ ಬಂದು ಇಲ್ಲಿನ ಕಾಡು ಕಡಿದು ಹೊಲ ಮಾಡಿಕೊಂಡ ಕಾಲ. ಲಂಗದ ಮೇಲೊಂದು ಬಿಳಿ ಏಪ್ರನ್ನು, ತಲೆಗೆ ಗಲ್ಲದ ಕೆಳಗೆ ಕಟ್ಟಿಕೊಳ್ಳುವ ಬಟ್ಟೆಯ ಟೋಪಿ. ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡಾಗ ನಗು ಬರಲಿಲ್ಲ, ಭಯವಾಯಿತು.

ಜಾರ್ಜ್‌ಟೌನಿನ ಹೊರಗೆ, ಹೊಲಗಳ ನಡುವೆ ಇರುವ ಚಿಕ್ಕ ವಸ್ತುಸಂಗ್ರಹಾಲಯ ಅದು. ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಮನೆ, ಒಂದೇ ಕೋಣೆಯ ಶಾಲೆ, ಕಮ್ಮಾರನ ಕುಲುಮೆ, ಹಿಂದುಗಡೆ ಒಂದು ಕೊಳ, ಕೊಳದಾಚೆ ಸಣ್ಣ ಕಾಡು. ಸುತ್ತಲಿನ ಹೊಲಗಳಲ್ಲಿ ಬಡಾವಣೆಗಳು ಏಳತೊಡಗಿದಾಗ, ಕೆಡವಬೇಕಿದ್ದ ಹಳೆಯ ಕಟ್ಟಡಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದರಂತೆ. ನಾವಿರುವ ಟೌನ್‌ಹೌಸ್ ಕೂಡ ಅಂಥದೇ ಒಂದು ಹೊಲದ ಮೇಲಿದೆ. ಆ ಹೊಲ ಯಾರದಾಗಿತ್ತು, ಬೇಲಿ ಎಲ್ಲಿತ್ತು, ಬಾವಿ ಎಲ್ಲಿತ್ತು ಎಲ್ಲವೂ ಉಸ್ತುವಾರಿಯವರಿಗೆ ಬಾಯಿಪಾಠ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಅವರ ಅಜ್ಜನ ಅಜ್ಜ ಇದೇ ಸೀಮೆಯಲ್ಲಿ ಕಾಡು ಕಡಿದವನು. ಪ್ರವಾಸಿಗರಿಗೆ ನಾವು ತೋರಿಸುವ ದಿಮ್ಮಿಯ ಮನೆ ಅವನು ಕಟ್ಟಿದ್ದೇ.

ಮೈಸೂರಿನಲ್ಲಿ ಹದಿನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಯಜಮಾನರಿಗೆ ಮಿಸಿಸಾಗದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ ಪಾಠ ಮಾಡುವ ಲೈಸೆನ್ಸಿಗಾಗಿ ಕಾಗದ ಕಳಿಸಿ ಕಳಿಸಿ ಸಾಕಾಗಿತ್ತು. ಮೂರು ಚಳಿಗಾಲ ಮನೆಯಲ್ಲೇ ಕಳೆದೆ. ಈ ಕೆಲಸದ ಜಾಹೀರಾತು ನೋಡಿದಾಗ ಮಕ್ಕಳು, ಚರಿತ್ರೆ ಎರಡೂ ಇದೆಯಲ್ಲ ಎಂದು ಅರ್ಜಿ ಹಾಕಿದೆ. ಸಿಕ್ಕಿಬಿಟ್ಟಿತು. ನನ್ನ ಇಂಗ್ಲಿಷು ಮಕ್ಕಳಿಗೆ ಅರ್ಥವಾಗುತ್ತದೆಯೇ? ಈ ವೇಷದಲ್ಲಿ ನಮ್ಮ ಕನ್ನಡದವರು ಯಾರಾದರೂ ನೋಡಿದರೆ?

"ಏನೇ ಇದು, ಬ್ರಿಟಿಷ್ ರಾಣಿ ಥರ!" ಎಂದು ಯಜಮಾನರು ಫೋಟೋ ತೆಗೆಯಲು ಬಂದರು. ಇಲ್ಲಿನ ಹೈಸ್ಕೂಲಿಗೆ ಹೋಗುವ ಹದಿನೈದು ವರ್ಷದ ಮಗಳು ಮಾತ್ರ ನಗಲಿಲ್ಲ. "ಅಮ್ಮಾ, ದಿಸ್ ಈಸ್ ಸೋ ವಿಯರ್ಡ್. ದೇ ಟುಕ್ ದ ಲ್ಯಾಂಡ್, ಯು ನೋ ದಟ್ ರೈಟ್?" ಎಂದಳು. ಗೊತ್ತಿಲ್ಲದೆ ಏನು? ಬಂದವರು ಯಾರು, ಏನು ತೆಗೆದುಕೊಂಡರು ಎಂಬುದನ್ನು ನಾನು ಕರಿಹಲಗೆಯ ಮೇಲೆ ಬರೆದು ಕಲಿಸಿದ್ದೆ. ಈಗ ಅವರದೇ ಟೋಪಿ ಹಾಕಿಕೊಂಡು ನಿಂತಿದ್ದೆ.

ನಮಗೆ ಕೊಟ್ಟಿದ್ದ ವಿವರಣೆಯ ಹಾಳೆಯಲ್ಲಿ, "ಅವರು ಬಂದಾಗ ಇಲ್ಲಿ ಬರೀ ಕಾಡಿತ್ತು" ಎಂಬ ಸಾಲಿತ್ತು. ಎರಡನೇ ವಾರ ಧೈರ್ಯ ಮಾಡಿ ಉಸ್ತುವಾರಿಯವರನ್ನು ಕೇಳಿಯೇಬಿಟ್ಟೆ, "ಬರೀ ಕಾಡಿತ್ತಾ? ಯಾರೂ ಇರಲಿಲ್ಲವಾ?"

ಕಸ ಗುಡಿಸುತ್ತಿದ್ದವರು ಪೊರಕೆಯನ್ನು ಗೋಡೆಗೆ ಒರಗಿಸಿದರು. ನನ್ನ ಕೆಲಸ ಹೋಯಿತು ಅಂದುಕೊಂಡೆ. ಆಮೇಲೆ ಮೆಲ್ಲಗೆ ಹೇಳಿದರು. ಅವರ ಮನೆಯಲ್ಲಿ ಹೇಳುತ್ತಿದ್ದ ಕಥೆಯಲ್ಲೇ, ಮೊದಲ ಚಳಿಗಾಲದಲ್ಲಿ ಮೂಲನಿವಾಸಿ ಹೆಂಗಸೊಬ್ಬಳು ಬಂದು ಒಣಗಿಸಿದ ಮೀನು ಕೊಟ್ಟು ಹೋಗುತ್ತಿದ್ದಳಂತೆ. ಆ ಮೀನಿಲ್ಲದಿದ್ದರೆ ಮಕ್ಕಳು ಉಳಿಯುತ್ತಿರಲಿಲ್ಲವಂತೆ. "ನಮ್ಮವರ ಹಸುವಿನ ಹೆಸರು ಕೂಡ ಮನೆಯ ಬೈಬಲ್ಲಿನ ಕೊನೇ ಹಾಳೆಯಲ್ಲಿ ಬರೆದಿದ್ದಾರೆ. ಆ ಹೆಂಗಸಿನ ಹೆಸರು ಯಾರೂ ಬರೆದಿಡಲಿಲ್ಲ," ಎಂದರು. ಅಂದಿನಿಂದ ಆ ಹೆಂಗಸನ್ನೂ ನನ್ನ ಕಥೆಗೆ ಸೇರಿಸಿಕೊಂಡೆ. ಉಸ್ತುವಾರಿಯವರು ಬೇಡ ಅನ್ನಲಿಲ್ಲ. ಆದರೂ ಯಾರಾದರೂ ತಕರಾರು ಬರೆದು ಕಳಿಸುತ್ತಾರೇನೋ ಎಂದು ಪ್ರತಿಸಲ ಅಳುಕುತ್ತಲೇ ಹೇಳುತ್ತಿದ್ದೆ.

ಸಂಗ್ರಹಾಲಯದಲ್ಲಿ ಒಂದು ನೆಲಮಾಳಿಗೆಯೂ ಇತ್ತು. ದಿಬ್ಬದ ಮಗ್ಗುಲನ್ನು ಕೊರೆದು, ಒಳಗೆ ಕಲ್ಲಿನ ಗೋಡೆ ಕಟ್ಟಿ, ಮೇಲೆ ಮಣ್ಣು ಹುಲ್ಲು ಮುಚ್ಚಿದ ಕತ್ತಲೆ ಕೋಣೆ. ಆಲೂಗೆಡ್ಡೆ, ಕ್ಯಾರೆಟ್ಟು, ಟರ್ನಿಪ್ಪುಗಳನ್ನು ಮರಳಿನಲ್ಲಿ ಹೂತು ಚಳಿಗಾಲವಿಡೀ ಕಾಪಾಡುತ್ತಿದ್ದ ಜಾಗ. ಮೊದಲ ದಿನ ನೋಡಿದಾಗಲೇ ನನ್ನ ಬಾಯಿಗೆ ಬಂದದ್ದು ಹಗೇವು ಎಂಬ ಮಾತು. ನಮ್ಮ ಕಡೆ ರಾಗಿ ಜೋಳ ತುಂಬಿಡುತ್ತಿದ್ದ ನೆಲದ ಗುಂಡಿಗೂ ಇದಕ್ಕೂ ಕೆಲಸ ಒಂದೇ. ಇದಕ್ಕೆ ದಪ್ಪ ಹಲಗೆಯ ಬಾಗಿಲು, ಹೊರಗಿನಿಂದ ಜಾರಿಸುವ ಮರದ ಅಗುಳಿ. ತರಕಾರಿ ಕದಿಯುವ ರಕೂನು ಪ್ರಾಣಿಗಳು ನುಗ್ಗದಿರಲಿ ಎಂದು ಪ್ರತಿ ಗುಂಪು ಹೊರಬಂದ ಮೇಲೆ ಅಗುಳಿ ಹಾಕಬೇಕು. ಹಾಕುವ ಮೊದಲು ಒಳಗೆ ಇಣುಕಿ ನೋಡಬೇಕು. ಇದು ನಿಯಮ. ನನಗೆ ಎರಡು ಸಲ ಹೇಳಿಕೊಟ್ಟಿದ್ದರು.

ಅಕ್ಟೋಬರಿನ ಒಂದು ಬೆಳಿಗ್ಗೆ ಮಾಲ್ಟನ್‌ನಿಂದ ಹಳದಿ ಬಸ್ಸಿನಲ್ಲಿ ಮೂರನೇ ಕ್ಲಾಸಿನ ಮಕ್ಕಳು ಬಂದರು. ಜೊತೆಗೆ ಅವರ ಟೀಚರು, ಸಹಾಯಕ್ಕೆ ಇಬ್ಬರು ತಾಯಂದಿರು. ಪಂಜಾಬಿ, ಹಿಂದಿ, ಇಂಗ್ಲಿಷು ಎಲ್ಲ ಕಲಸಿ ಗಲಗಲ ಮಾತಾಡುತ್ತ ಮಕ್ಕಳು ದಿಮ್ಮಿಯ ಮನೆಯೊಳಗೆ ನುಗ್ಗಿದರು. ನಾನು ಸೌದೆ ಜೋಡಿಸಿ ಒಲೆ ಹಚ್ಚುತ್ತಿದ್ದೆ. ಆ ಕೆಲಸ ಒಂದರಲ್ಲಿ ನನಗೆ ಅಂಜಿಕೆ ಇರಲಿಲ್ಲ. ಚಿಕ್ಕಂದಿನಲ್ಲಿ ಬಚ್ಚಲ ಹಂಡೆಗೆ ಬೆಂಕಿ ಹಾಕಿದ ಕೈ ಇದು.

"ಒಲಿ," ಎಂದಿತು ಒಂದು ಸಣ್ಣ ದನಿ.

ತಿರುಗಿ ನೋಡಿದೆ. ಎರಡು ಜಡೆ, ನೀಲಿ ಜಾಕೆಟ್ಟು, ಎಲ್ಲರಿಗಿಂತ ಹಿಂದೆ ನಿಂತಿದ್ದ ಹುಡುಗಿ. "ಏನಂದೆ ಪುಟ್ಟಿ?" ಎಂದೆ.

ಅವಳು ಬೆಚ್ಚಿದಳು. ಈ ಟೋಪಿಯ ಕೆಳಗಿನಿಂದ ಕನ್ನಡ ಬರುತ್ತದೆಂದು ಯಾರು ತಾನೇ ಎಣಿಸುತ್ತಾರೆ? ಆಮೇಲೆ ಮುಖ ಅರಳಿತು. "ನಮ್ಮ ಆಯಿ ಮನ್ಯಾಗೂ ಹಿಂತಾದ ಒಲಿ ಐತ್ರಿ. ನೀವು ಕನ್ನಡದವ್ರೇನ್ರಿ ಆಂಟಿ?"

ಧಾರವಾಡದ ಕಡೆಯ ಹುಡುಗಿ. ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಇಂಗ್ಲಿಷು ಇನ್ನೂ ಬಾಯಿಗೆ ಹತ್ತಿರಲಿಲ್ಲ. ಕ್ಲಾಸಿನಲ್ಲಿ ಅವಳು ಮಾತೇ ಆಡುವುದಿಲ್ಲವೆಂದು ಟೀಚರು ನನಗೆ ಪಿಸುಗುಟ್ಟಿದರು. ಅಂಥವಳು ನನ್ನ ಪಕ್ಕಕ್ಕೆ ಬಂದು ಅಂಟಿಕೊಂಡಳು.

ನಾನು ಮೊದಲ ಚಳಿಗಾಲದ ಕಥೆ ಹೇಳಿದೆ. ಮನೆಗೆ ಇನ್ನೂ ಬಾಗಿಲು ಕೂಡಿಸಿರಲಿಲ್ಲ, ಬಾಗಿಲಿನ ಜಾಗದಲ್ಲಿ ಕಂಬಳಿ ಇಳಿಬಿಟ್ಟಿದ್ದರು. ಗಂಡ ಗೋಧಿಯ ಮೂಟೆ ಹೊತ್ತು ದೂರದ ಗಿರಣಿಗೆ ನಡೆದು ಹೋಗಿದ್ದ. ಹೆಂಡತಿ ಎರಡು ಮಕ್ಕಳನ್ನು ಅಪ್ಪಿಕೊಂಡು, ತೋಳಗಳ ಕೂಗು ಕೇಳುತ್ತ, ಒಲೆ ಆರದಂತೆ ಕಾಯುತ್ತ ಕೂತಿದ್ದಳು. ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ, ಹುಡುಗಿಗಾಗಿ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದೆ.

"ಆ ಅವ್ವಗ ಅಂಜಿಕಿ ಆಗ್ಲಿಲ್ಲೇನ್ರಿ?" ಎಂದು ಕೇಳಿದಳು.

"ಆಗಿರುತ್ತೆ ಕಣಮ್ಮ. ತುಂಬಾ ಆಗಿರುತ್ತೆ."

"ನಮ್ಮ ಅವ್ವನೂ ಒಬ್ಬಾಕಿನ ಅದಾಳ. ಅಪ್ಪಗ ವೀಸಾ ಇನ್ನೂ ಬಂದಿಲ್ಲ."

ಬಹಳ ದಿನಕ್ಕೆ ಒಂದು ಮಗುವಿಗೆ ಕನ್ನಡದಲ್ಲಿ ಕಥೆ ಹೇಳಿ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಅಂದು ಮೊದಲ ಸಲ ನನ್ನ ಇಂಗ್ಲಿಷಿನ ಚಿಂತೆ ಮರೆತಿದ್ದೆ. ಆ ಖುಷಿಯಲ್ಲಿ ಇನ್ನೇನು ಮರೆತೆ ಎಂಬುದು ಆಮೇಲೆ ತಿಳಿಯಿತು.

ಅಲ್ಲಿಂದ ನೆಲಮಾಳಿಗೆಗೆ ಹೋದೆವು. ಮಕ್ಕಳು ನಾಲ್ಕೈದು ಮಂದಿಯಂತೆ ಒಳಗೆ ಹೋಗಿ, ಮರಳಲ್ಲಿ ಕೈಯಾಡಿಸಿ ಕ್ಯಾರೆಟ್ಟು ಹುಡುಕಿ ಹೊರಬರುತ್ತಿದ್ದರು. ಮರಳು ಮುಟ್ಟಲು ಕೈಗವಸು ತೆಗೆದಿಟ್ಟಿದ್ದರು. ಕೊನೆಯ ಗುಂಪು ಬಂತು. ಅಷ್ಟರಲ್ಲಿ ಉಸ್ತುವಾರಿಯವರು ಅತ್ತಲಿಂದ ಕೈಬೀಸಿ ಊಟಕ್ಕೆ ಹೊತ್ತಾಯಿತೆಂದು ಕರೆದರು. ಒಬ್ಬ ಹುಡುಗ ಬೂಟಿನ ಲೇಸು ಕಟ್ಟಿಕೊಡಿ ಎಂದ. ಬಗ್ಗಿ ಕಟ್ಟಿದೆ. ಎದ್ದು ಬಾಗಿಲೆಳೆದು ಅಗುಳಿ ಜಾರಿಸಿ ಮಕ್ಕಳ ಹಿಂದೆ ಓಡಿದೆ.

ಊಟದ ಶೆಡ್ಡು ಗದ್ದಲದಲ್ಲಿ ಮುಳುಗಿತ್ತು. ಆ ಹುಡುಗಿ ನನ್ನ ಪಕ್ಕದಲ್ಲಿಲ್ಲ ಎಂದು ಗಮನಿಸಿದೆ. ಗೆಳತಿಯರ ಜೊತೆ ಕೂತಿರಬೇಕು ಅಂದುಕೊಂಡೆ. ಅವಳಿಗೆ ಗೆಳತಿಯರೇ ಇರಲಿಲ್ಲವೆಂಬುದು ನೆನಪಿಗೆ ಬರಲಿಲ್ಲ.

ಬಸ್ಸು ಹತ್ತಿಸುವಾಗ ಟೀಚರು ಎಣಿಸಿದರು. ಮತ್ತೆ ಎಣಿಸಿದರು. ಮೂರನೇ ಸಲ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿ, ಬಿಳಿಚಿಕೊಂಡು ನನ್ನ ಕಡೆ ನೋಡಿದರು. "ನಿಮ್ಮ ಜೊತೆ ಇದ್ದಳಲ್ಲ?"

ಅಲ್ಲಿಂದಾಚೆಗೆ ಎಲ್ಲರೂ ಓಡಿದ್ದು ಕೊಳದ ಕಡೆಗೆ. ಉಸ್ತುವಾರಿಯವರು ಆ ವಯಸ್ಸಿನಲ್ಲಿ ಲಂಗ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗೆ ಇಳಿದುಬಿಟ್ಟರು, ಕೋಲಿನಿಂದ ಜೊಂಡು ಸರಿಸಿ ಸರಿಸಿ ನೋಡಿದರು. ಕಮ್ಮಾರನ ವೇಷದ ಕೆಲಸಗಾರ ರಸ್ತೆಯ ಕಡೆ ಓಡಿದ. ಟೀಚರು ಪೊಲೀಸರಿಗೂ ತಾಯಿಗೂ ಫೋನು ಮಾಡಿದರು. ನಾನು ಕಾಡಿನ ಅಂಚಿನಲ್ಲಿ ನಿಂತು, "ಪುಟ್ಟೀ, ಎಲ್ಲಿದ್ದೀಯಮ್ಮಾ? ಬಾರಮ್ಮಾ, ಯಾರೂ ಬೈಯಲ್ಲ!" ಎಂದು ಗಂಟಲು ಕಿತ್ತುಹೋಗುವಂತೆ ಕೂಗಿದೆ. ಕೆಂಪು ಎಲೆಗಳು ಉದುರುತ್ತಿದ್ದವು. ಬೇರೇನೂ ಸದ್ದಿಲ್ಲ. ಆಮೇಲೆ ದೂರದಲ್ಲೊಂದು ರೈಲು ಹೋದ ಸದ್ದು ಕೇಳಿತು. ಹಳಿಯ ಕಡೆ ಹೋಗಿದ್ದರೆ?

ಕೂಗುತ್ತ ಕೂಗುತ್ತ ಬಲಗೈ ನೋಡಿಕೊಂಡೆ. ಬೆರಳಿನಲ್ಲಿ ಮರದ ಸಿಬಿರೊಂದು ಚುಚ್ಚಿಕೊಂಡಿತ್ತು. ಅಗುಳಿ ಜಾರಿಸಿದಾಗ ಚುಚ್ಚಿದ್ದು. ಅಗುಳಿ ಹಾಕಿದ್ದು ನೆನಪಿದೆ. ಬೂಟಿನ ಲೇಸು ನೆನಪಿದೆ. ಒಳಗೆ ಇಣುಕಿದೆನೇ?

ಆಗ ನನ್ನ ಮನಸ್ಸಿಗೆ ಬಂದ ಯೋಚನೆಯನ್ನು ಇದುವರೆಗೆ ಯಜಮಾನರಿಗೂ ಹೇಳಿಲ್ಲ. ದೇವರೇ, ಅವಳು ಅಲ್ಲಿರದಿರಲಿ ಎಂದುಕೊಂಡೆ. ಬೇರೆ ಎಲ್ಲಾದರೂ ಇರಲಿ, ತಾನಾಗಿ ದಾರಿ ತಪ್ಪಿರಲಿ, ನನ್ನ ಕೈಯಿಂದ ಆಗಿರದಿರಲಿ. ಕೊಳ, ಕಾಡು, ರೈಲಿನ ಹಳಿ ಇರುವ ಕಡೆ ಒಂದು ಮಗು ದಾರಿ ತಪ್ಪಿರಲಿ ಎಂದು ನಾನು ಬೇಡಿಕೊಂಡೆ. ಎರಡು ನಿಮಿಷ ಹಾಗೇ ನಿಂತಿದ್ದೆನೇನೋ. ಆಮೇಲೆ ಲಂಗ ಎತ್ತಿ ಹಿಡಿದು ಓಡಿದೆ.

ಅಗುಳಿ ಹಾಕಿಯೇ ಇತ್ತು. ಎಳೆದೆ. ಬೆಳಕು ಒಳಗೆ ಬಿತ್ತು. ಹುಡುಗಿ ಬಾಗಿಲಿಗೆ ಆತುಕೊಂಡೇ ಕೂತಿದ್ದಳು, ಬಾಗಿಲು ತೆರೆದಾಗ ನನ್ನ ಕಾಲ ಮೇಲೆಯೇ ವಾಲಿದಳು. ಒಂದು ಕೈಯಲ್ಲಿ ಕೆಂಪು ಕೈಗವಸು. ನಾನು ಲೇಸು ಕಟ್ಟುತ್ತಿದ್ದಾಗ, ಮರೆತುಬಂದಿದ್ದ ಅದನ್ನು ತರಲು ಮತ್ತೆ ಒಳಗೆ ಹೋಗಿದ್ದಳು. ಬಟ್ಟೆ ಒದ್ದೆಯಾಗಿತ್ತು. ಅಳುತ್ತಿರಲಿಲ್ಲ.

"ಒದರಿದ್ನಿ," ಎಂದಳು. ದನಿ ಬಿದ್ದುಹೋಗಿತ್ತು. "ಭಾಳ ಒದರಿದ್ನಿ. ಯಾರೂ ಬರ್ಲಿಲ್ಲ."

ಏಪ್ರನ್ನು ಬಿಚ್ಚಿ ಅವಳಿಗೆ ಸುತ್ತಿ ಎತ್ತಿಕೊಂಡೆ. ಎಂಟು ವರ್ಷದ ಮಗು ಅಷ್ಟು ಹಗುರ ಇರುತ್ತದೆಂದು ಗೊತ್ತಿರಲಿಲ್ಲ. ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಅವಳು ಆ ಕತ್ತಲಲ್ಲಿದ್ದಳು.

ಆಫೀಸಿನ ಕೋಣೆಯಲ್ಲಿ ಹೀಟರಿನ ಪಕ್ಕ ಕೂರಿಸಿ ಬಟ್ಟೆ ಬದಲಿಸಿದೆವು. ಹಳೆಯ ಕಾಲದ ಲಂಗವೇ ಆಗಬೇಕಾಯಿತು, ಬೇರೇನೂ ಇರಲಿಲ್ಲ. ಪೊಲೀಸರು ಬಂದು, ಮಗು ಸಿಕ್ಕಿದ್ದನ್ನು ಬರೆದುಕೊಂಡು ಹೋದರು. ಬಾಗಿಲು ಹೇಗೆ ಮುಚ್ಚಿತೆಂದು ಅವರು ಕೇಳಿದಾಗ ಟೀಚರೇ, "ತಾನಾಗಿ ಮುಚ್ಚಿಕೊಂಡಿರಬೇಕು" ಎಂದರು. ಉಸ್ತುವಾರಿಯವರು ಒದ್ದೆ ಲಂಗ ಹಿಂಡುತ್ತ ನನ್ನನ್ನೇ ನೋಡುತ್ತಿದ್ದರು. "ಆ ಅಗುಳಿ ಹಳೆಯದು. ಒಮ್ಮೊಮ್ಮೆ ತಾನೇ ಜಾರುತ್ತದೆ," ಎಂದರು. ಅದು ತಾನೇ ಜಾರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ನಾನು ಬಾಯಿ ತೆರೆಯಲಿಲ್ಲ.

ತಾಯಿ ಬರಲು ಇನ್ನೊಂದು ಗಂಟೆ ಹಿಡಿಯಿತು. ವಿಮಾನ ನಿಲ್ದಾಣದ ಹತ್ತಿರ, ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಅವಳ ಕೆಲಸ. ಜೊತೆಯವರ ಕಾರಿನಲ್ಲಿ ಬಂದಿಳಿದವಳ ತಲೆಯ ಮೇಲೆ ಕೂದಲಿಗೆ ಹಾಕುವ ಜಾಲರಿ ಹಾಗೇ ಇತ್ತು. ಮೂವತ್ತು ದಾಟಿರದ ಹೆಂಗಸು. ಮಗಳನ್ನು ಅಡಿಯಿಂದ ಮುಡಿಯವರೆಗೆ ಸವರಿ ನೋಡಿ, ಎದೆಗವಚಿಕೊಂಡು ನಿಂತಳು.

ಟೀಚರು ನಡೆದದ್ದನ್ನು ಹೇಳತೊಡಗಿದರು. ತಾಯಿಗೆ ಅರ್ಧ ಅರ್ಥವಾಗುತ್ತಿತ್ತು. ಟೀಚರು ನನ್ನ ಕಡೆ ತಿರುಗಿ, "ನೀವು ಅವರ ಭಾಷೆಯಲ್ಲಿ ಹೇಳುತ್ತೀರಾ? ಬಾಗಿಲು ಅಕಸ್ಮಾತ್ತಾಗಿ ಮುಚ್ಚಿಕೊಂಡಿತು, ಯಾರ ತಪ್ಪೂ ಅಲ್ಲ ಅಂತ ಹೇಳಿ," ಎಂದರು.

ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ನಾನು ಏನು ಹೇಳಿದರೂ ಟೀಚರಿಗಾಗಲಿ ಉಸ್ತುವಾರಿಯವರಿಗಾಗಲಿ ತಿಳಿಯುವಂತಿರಲಿಲ್ಲ. ಹುಡುಗಿ ಅವ್ವನ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

"ನಾನೇ ಅಗುಳಿ ಹಾಕಿದೆ," ಎಂದೆ. "ಒಳಗೆ ಯಾರಾದ್ರೂ ಇದ್ದಾರಾ ಅಂತ ನೋಡಬೇಕಿತ್ತು. ನೋಡಲಿಲ್ಲ. ನನ್ನದೇ ತಪ್ಪು ಕಣಮ್ಮ."

ತಾಯಿ ಕೇಳಿದ ಮೊದಲ ಮಾತು, "ಒಳಗ ಗಾಳಿ ಆಡತಿತ್ತೇನ್ರಿ?"

ನನಗೆ ತಕ್ಷಣ ಅರ್ಥವಾಯಿತು. ನಮ್ಮ ಕಡೆ ಹಗೇವು ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ, ಗಾಳಿಯಿಲ್ಲದೆ ಸತ್ತವರ ಕಥೆ ಎಲ್ಲ ಊರಲ್ಲೂ ಇರುತ್ತದೆ. "ಆಡುತ್ತಿತ್ತು. ಮೇಲಕ್ಕೆ ಗಾಳಿಯ ಕೊಳವೆ ಇದೆ," ಎಂದೆ. ಅವಳು ಉಸಿರು ಬಿಟ್ಟಳು. ಆಮೇಲೆ ನನ್ನ ಟೋಪಿಯನ್ನೂ ಲಂಗವನ್ನೂ ನೋಡಿದಳು.

"ಕನ್ನಡದಾಕಿ ಅಂತ ಅಕಿ ನಿಮ್ಮ ಬೆನ್ನ ಹತ್ತಿ ಬಂದಾಳ್ರೀ. ಅಕಿ ಯಾರ ಹಂತ್ಯಾಕೂ ಹೋಗಾಕಿ ಅಲ್ಲ. ನೀವು ಹೊಳ್ಳಿ ನೋಡ್ಲಿಲ್ಲಲ್ರಿ."

ಅವಳಿಗೆ ಹೇಳಿದ್ದನ್ನೇ ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಕ್ರಿಯಾಪದಗಳೆಲ್ಲ ತಪ್ಪಿದವು. ಉಸ್ತುವಾರಿಯವರು ಕಣ್ಣು ಮುಚ್ಚಿಕೊಂಡರು. ತಾಯಿ ಮಗಳನ್ನು ಎತ್ತಿಕೊಂಡು ಹೊರಟುಹೋದಳು.

ಮನೆಗೆ ಬಂದು ಹೇಳಿದಾಗ ಯಜಮಾನರು ಗಾಬರಿಯಾದರು. "ಅವರೇ ತಾನಾಗಿ ಮುಚ್ಚಿತು ಅಂದ್ರಲ್ಲ, ನೀನ್ಯಾಕೆ ಮೈಮೇಲೆ ಎಳ್ಕೊಂಡೆ? ಕೇಸು ಗೀಸು ಹಾಕಿದ್ರೆ?" ಎಂದರು. ಮಗಳು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಿದ್ದವಳು ಇಳಿದು ಬಂದು ಸುಮ್ಮನೆ ನನ್ನ ಪಕ್ಕ ಕೂತಳು. ಮುಂದಿನ ಹತ್ತು ದಿನ ಫೋನು ಬಂದರೆ, ಅಂಚೆಯವನು ಬಂದರೆ ಕೇಸಿನದೇ ಅಂದುಕೊಳ್ಳುತ್ತಿದ್ದೆ. ಸಂಗ್ರಹಾಲಯದವರಿಗೆ ನಡೆದದ್ದೆಲ್ಲ ಬರೆದು ಸಹಿ ಮಾಡಿ ಕೊಟ್ಟೆ. ಕೇಸು ಆಗಲಿಲ್ಲ. ಕೆಲಸವೂ ಹೋಗಲಿಲ್ಲ. ಉಸ್ತುವಾರಿಯವರು ತಾವೇ ಉಳಿ ಸುತ್ತಿಗೆ ತಂದು ಅಗುಳಿಯನ್ನು ಕಿತ್ತು ಹಾಕಿ, ಒಳಗಿನಿಂದಲೂ ತೆಗೆಯಬಹುದಾದ ಕೊಂಡಿ ಕೂಡಿಸಿದರು. "ಇದನ್ನ ಕೆತ್ತಿದವನು ನನ್ನ ಅಜ್ಜನ ಅಜ್ಜ," ಎಂದಷ್ಟೇ ಹೇಳಿ, ಆ ಮರದ ತುಂಡನ್ನು ಸೌದೆಯ ರಾಶಿಗೆ ಎಸೆದರು.

ಹುಡುಗಿಯ ಮನೆಗೆ ಹೋಗಲು ನನಗೆ ಮೂರು ವಾರ ಬೇಕಾಯಿತು. ಟೀಚರ ಮೂಲಕ ಕೇಳಿಸಿ, ತಾಯಿ ಬರಲಿ ಎಂದ ಮೇಲೆ, ಒಂದು ಭಾನುವಾರ ಮಾಲ್ಟನ್‌ನಲ್ಲಿ ಅವರು ಬಾಡಿಗೆಗಿದ್ದ ಬೇಸ್‌ಮೆಂಟಿನ ಬಾಗಿಲು ತಟ್ಟಿದೆ. ಹುಡುಗಿ ನನ್ನನ್ನು ನೋಡಿದವಳೇ ಒಳಕೋಣೆಗೆ ಹೋಗಿಬಿಟ್ಟಳು. ತಾಯಿ ಚಹಾ ಕೊಟ್ಟಳು. ಮಗಳು ದೀಪ ಆರಿಸಗೊಡುವುದಿಲ್ಲ, ಬಚ್ಚಲ ಬಾಗಿಲು ಹಾಕಿಕೊಳ್ಳುವುದಿಲ್ಲ ಎಂದಳು. ಕ್ಷಮೆ ಕೇಳಬೇಕೆಂದು ನಾನು ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳು ಕೇಳಿಸಿಕೊಳ್ಳಲಿಲ್ಲ.

"ಮಾಫಿ ಗೀಫಿ ಇರ್ಲಿ ಬಿಡ್ರಿ ಅಕ್ಕಾರ. ಬುಧವಾರ ಸಾಲ್ಯಾಗ ಮೀಟಿಂಗ್ ಐತಿ. ಅವ್ರು ಏನಂತಾರೋ ನನಗ ತಿಳಿಯಂಗಿಲ್ಲ. ನೀವು ಬರ್ತೀರೇನು?"

ಹೋದೆ. ಆಮೇಲೆ ಡಾಕ್ಟರ ಬಳಿಗೆ, ವೀಸಾದ ಕಾಗದ ತುಂಬಿಸಲು, ಹೀಗೆ ಆ ಚಳಿಗಾಲದಲ್ಲಿ ಹಲವು ಸಲ ಹೋದೆ. ಹುಡುಗಿ ಒಂದು ಕೋಣೆಯಲ್ಲಿ ನನ್ನ ಜೊತೆ ಕೂರಲು ಫೆಬ್ರವರಿಯಾಯಿತು. ಬೇಸಿಗೆಗೆ ತಂದೆ ಬಂದ. ಅಷ್ಟು ಹೊತ್ತಿಗೆ ಅವಳ ಬಾಯಲ್ಲಿ ಇಂಗ್ಲಿಷು ಹರಿಯುತ್ತಿತ್ತು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು. ಒಳ್ಳೆಯದೇ ಅಂದುಕೊಂಡೆ, ಆದರೂ ಎಲ್ಲೋ ಕುಟುಕಿತು.

ಈ ವರ್ಷದ ವಸಂತದಲ್ಲಿ ಒಂದು ಬೆಳಿಗ್ಗೆ ತಾಯಿ ಫೋನು ಮಾಡಿದಳು. ಶಾಲೆಯಿಂದ ಇನ್ನೊಂದು ಪ್ರವಾಸಕ್ಕೆ ಒಪ್ಪಿಗೆಯ ಚೀಟಿ ಬಂದಿತ್ತು. ಸರೋವರದ ದಡಕ್ಕೆ, ದಿನವಿಡೀ.

"ಅಕಿ ಹೊಂಟೀನಿ ಅಂತ ಕುಣ್ಯಾಕತ್ತಾಳ. ನನಗ ಸಹಿ ಮಾಡಾಕ ಕೈ ಬರವಲ್ದು. ಕಳಿಸ್ಲೇನ್ರಿ ಅಕ್ಕಾರ?"

ಊರಿನಲ್ಲಿ ಇಷ್ಟು ಜನರಿರುವಾಗ ಅವಳು ನನ್ನನ್ನು ಕೇಳುತ್ತಿದ್ದಳು. ನೀರು, ಬಸ್ಸು, ಎಣಿಸುವ ಟೀಚರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಬೇಡ ಅನ್ನುವುದು ಎಷ್ಟು ಸುಲಭವಿತ್ತು.

"ಕಳಿಸಮ್ಮ," ಎಂದೆ.

ಪ್ರವಾಸದ ದಿನ ನನಗೆ ರಜೆಯಿತ್ತು. ಅಡುಗೆ ಮಾಡಲಿಲ್ಲ. ಹವಾಮಾನ ನೋಡಿದೆ, ಮತ್ತೆ ನೋಡಿದೆ. ಮಧ್ಯಾಹ್ನ ಗಾಳಿ ಎದ್ದಾಗ ಕಿಟಕಿಯ ಬಳಿ ಹೋಗಿ ನಿಂತೆ. ನಾಲ್ಕು ಗಂಟೆಯಾದರೂ ಸುದ್ದಿಯಿಲ್ಲ. ಫೋನು ಮಾಡಲು ಧೈರ್ಯವಾಗಲಿಲ್ಲ. ನಾಲ್ಕೂಮುಕ್ಕಾಲಿಗೆ ತಾಯಿಯಿಂದ ಮೆಸೇಜು ಬಂತು, ಒಂದೇ ಮಾತು.

"ಬಂದ್ಳು."